ಟೆನಿಸ್‌ನ ರಾಜಮಾತೆ ಹೇಜಲ್ ವೈಟ್‌ಮನ್: ಗೆದ್ದದ್ದಕ್ಕಿಂತ ಹಂಚಿದ್ದೇ ಹೆಚ್ಚು

ಮಹಿಳಾ ಟೆನಿಸ್ ಎಂದೊಡನೆ ನೆನಪಾಗುವುದು ಮಾರ್ಟಿನಾ ನವ್ರಾಟಿಲೋವಾ, ಸ್ಟೆಫಿ ಗ್ರಾಫ್, ಸೆರೆನಾ ವಿಲಿಯಮ್ಸ್, ನಮ್ಮವರೇ ಆದ ಸಾನಿಯಾ ಮಿರ್ಜಾ ಮುಂತಾದವರ ಹೆಸರುಗಳು. ತುಂಬಿದ ಕ್ರೀಡಾಂಗಣ, ಕೋಟಿಗಟ್ಟಲೆ ಬಹುಮಾನ, ದೂರದರ್ಶನದ ನೇರ ಪ್ರಸಾರ ಇವೆಲ್ಲ ಈ ಆಟದ ಇಂದಿನ ವೈಭವ. ಆದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಣ್ಣುಮಕ್ಕಳಿಗೆ ಆಡಲು ಅಂಕಣ ಸಿಗುವುದೇ ದುರ್ಲಭವಾಗಿತ್ತು. ಅಂತಹ ಕಾಲದಲ್ಲಿ ರಾಕೆಟ್ ಹಿಡಿದು ಅಮೆರಿಕದ ಅಗ್ರಮಾನ್ಯ ಆಟಗಾರ್ತಿಯಾಗಿ ಬೆಳೆದವರು ಹೇಜಲ್ ಹಾಚ್‌ಕಿಸ್ ವೈಟ್‌ಮನ್.

ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಸಿಂಗಲ್ಸ್, ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಸೇರಿ 16 ಕಿರೀಟ, ವಿಂಬಲ್ಡನ್‌ನಲ್ಲಿ ಒಂದು ಡಬಲ್ಸ್ ಪ್ರಶಸ್ತಿ, ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನದ ಪದಕ ಅವರ ಹೆಸರಿನಲ್ಲಿವೆ. ಇಷ್ಟಾದರೂ ಕ್ರೀಡಾ ಇತಿಹಾಸ ಅವರನ್ನು ನೆನೆಯುವುದು ಈ ಗೆಲುವುಗಳಿಗಾಗಿ ಮಾತ್ರವಲ್ಲ. ತಾವು ಕಷ್ಟಪಟ್ಟು ಪಡೆದ ಅವಕಾಶವನ್ನು ಮುಂದಿನ ಪೀಳಿಗೆಯ ಹೆಣ್ಣುಮಕ್ಕಳಿಗೆ ಸುಲಭವಾಗಿ ದೊರಕಿಸಿಕೊಡಲು ಅವರು ಅರ್ಧ ಶತಮಾನಕ್ಕೂ ಮಿಗಿಲಾಗಿ ದುಡಿದರು. ಅಮೆರಿಕದ ಟೆನಿಸ್ ವಲಯ ಅವರನ್ನು ರಾಜಮಾತೆ ಎಂದು ಕರೆದದ್ದು ಈ ಕಾರಣಕ್ಕಾಗಿಯೇ.

ಗೋಡೆಯೇ ಮೊದಲ ಎದುರಾಳಿ

ಹೇಜಲ್ ಜನಿಸಿದ್ದು 1886ರ ಡಿಸೆಂಬರ್ 20ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಹೀಲ್ಡ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ. ಬಾಲ್ಯದಲ್ಲಿ ಆಕೆಯ ಆರೋಗ್ಯ ಅಷ್ಟಕ್ಕಷ್ಟೇ. ಬಯಲಿನಲ್ಲಿ ಆಡಿದರೆ ಮೈ ಗಟ್ಟಿಯಾಗುವುದೆಂದು ವೈದ್ಯರು ಸಲಹೆ ನೀಡಿದರು. ಸೋದರರ ಜೊತೆ ಸೇರಿ ಬೇಸ್‌ಬಾಲ್, ಫುಟ್‌ಬಾಲ್ ಎಲ್ಲವನ್ನೂ ಆಡತೊಡಗಿದ ಬಾಲಕಿ ಬೇಗನೆ ಚೇತರಿಸಿಕೊಂಡಳು. 1900ರ ಸುಮಾರಿಗೆ ಕುಟುಂಬ ಬರ್ಕ್ಲಿ ನಗರಕ್ಕೆ ಬಂದು ನೆಲೆಸಿತು. ಬೆಳೆಯುತ್ತಿರುವ ಹೆಣ್ಣುಮಗಳು ಗಂಡುಹುಡುಗರೊಂದಿಗೆ ಫುಟ್‌ಬಾಲ್ ಆಡುವುದು ಶೋಭಿಸದೆಂಬ ಭಾವನೆ ಪ್ರಬಲವಾಗಿದ್ದ ಕಾಲವದು. ಟೆನಿಸ್ ಆದರೆ ಮರ್ಯಾದಸ್ಥ ಕುಟುಂಬಗಳ ಹೆಣ್ಣುಮಕ್ಕಳಿಗೂ ಒಪ್ಪುವ ಆಟ. ಹೀಗೆ ಸಾಮಾಜಿಕ ಕಟ್ಟುಪಾಡೇ ಆಕೆಯನ್ನು ಟೆನಿಸ್‌ನತ್ತ ತಳ್ಳಿತು.

1902ರಲ್ಲಿ ಸ್ಯಾನ್ ರಫೇಲ್‌ನಲ್ಲಿ ನಡೆದ ಪಂದ್ಯಾವಳಿಯನ್ನು ಹೇಜಲ್ ಮೊದಲ ಬಾರಿಗೆ ವೀಕ್ಷಿಸಿದರು. ಆ ಕಾಲದ ಮಹಿಳೆಯರ ಆಟವೆಂದರೆ ಅಂಕಣದ ಹಿಂಬದಿಯ ಗೆರೆಗೆ ಅಂಟಿಕೊಂಡು ಚೆಂಡನ್ನು ಅತ್ತಿಂದಿತ್ತ ಕಳುಹಿಸುವುದು. ಪಾದ ಮುಟ್ಟುವ ಲಂಗ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟವರಿಗೆ ಓಡಾಡುವುದೇ ಪ್ರಯಾಸ. ಹೇಜಲ್ ಅವರ ಮನಸ್ಸನ್ನು ಸೆಳೆದದ್ದು ಪುರುಷರ ಡಬಲ್ಸ್. ನೆಟ್‌ನ ಹತ್ತಿರ ನಿಂತು ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ವಾಲಿ ಆಟದ ಚುರುಕು ಆಕೆಗೆ ಹಿಡಿಸಿತು.

ಆಡಬೇಕೆಂದರೆ ಅಂಕಣ ಬೇಕಲ್ಲ? ಮನೆಯ ಹಿತ್ತಲಿನ ನೆಲ ಜಲ್ಲಿಕಲ್ಲಿನಿಂದ ಕೂಡಿದ್ದು, ಅಲ್ಲಿ ಪುಟಿದ ಚೆಂಡು ಯಾವ ದಿಕ್ಕಿಗೆ ಹಾರುವುದೆಂದು ಹೇಳುವಂತಿರಲಿಲ್ಲ. ಆದ್ದರಿಂದ ಹೇಜಲ್ ಮನೆಯ ಗೋಡೆಗೆ ಚೆಂಡು ಬಾರಿಸಿ, ಅದು ನೆಲಕ್ಕೆ ಬೀಳದಂತೆ ಮತ್ತೆ ಮತ್ತೆ ಹೊಡೆಯುವ ಅಭ್ಯಾಸ ಬೆಳೆಸಿಕೊಂಡರು. ಸೋದರರು ಜೊತೆಗಿದ್ದಾಗ ಹಗ್ಗವೊಂದನ್ನು ಕಟ್ಟಿದರೆ ಅದೇ ನೆಟ್. ಅನುಕೂಲವಿಲ್ಲದ ಹಿತ್ತಲೇ ಹೀಗೆ ಆಕೆಗೆ ವಾಲಿ ಕಲಿಸಿತು. ಮುಂದೆ ಮಹಿಳಾ ಟೆನಿಸ್‌ಗೆ ನೆಟ್ ಬಳಿಯ ಆಕ್ರಮಣಕಾರಿ ಆಟವನ್ನು ಪರಿಚಯಿಸಿದವರಲ್ಲಿ ಹೇಜಲ್ ಅವರ ಹೆಸರು ಮುಂಚೂಣಿಯಲ್ಲಿ ನಿಂತಿತು.

ಸಮೀಪದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾಂಬರು ಹಾಸಿದ ಅಂಕಣವೊಂದಿತ್ತು. ಆದರೆ ಬೆಳಿಗ್ಗೆ 8 ಗಂಟೆಯ ನಂತರ ಅಲ್ಲಿ ಹೆಣ್ಣುಮಕ್ಕಳು ಆಡುವಂತಿರಲಿಲ್ಲ. ಹೇಜಲ್ ಸೋದರರನ್ನು ಎಬ್ಬಿಸಿಕೊಂಡು ಮುಂಜಾನೆ 6ಕ್ಕೆಲ್ಲ ಅಂಕಣದಲ್ಲಿರುತ್ತಿದ್ದರು. ಗಡಿಯಾರ ಎಂಟು ಹೊಡೆಯುತ್ತಿದ್ದಂತೆ ಜಾಗ ಖಾಲಿ ಮಾಡಬೇಕಾಗಿತ್ತು. ಮುಂದೆ ಅದೇ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1911ರಲ್ಲಿ ಪದವಿ ಪಡೆದರು.

ಮೂರು ವರ್ಷ, ಒಂಬತ್ತು ಕಿರೀಟ

ಅಮೆರಿಕದ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಷಿಪ್ 1887ರಲ್ಲಿ ಆರಂಭವಾಗಿ ಫಿಲಡೆಲ್ಫಿಯಾ ಕ್ರಿಕೆಟ್ ಕ್ಲಬ್ಬಿನಲ್ಲಿ ನಡೆಯುತ್ತಿತ್ತು. ಪಶ್ಚಿಮ ಕರಾವಳಿಯ ಬರ್ಕ್ಲಿಯಿಂದ ಅಲ್ಲಿಗೆ ತಲುಪಬೇಕಾದರೆ ರೈಲಿನಲ್ಲಿ ಇಡೀ ಖಂಡವನ್ನೇ ದಾಟಬೇಕು. 1909ರಲ್ಲಿ ಹೇಜಲ್ ಆ ಪ್ರಯಾಣ ಕೈಗೊಂಡರು. ಗಟ್ಟಿನೆಲದ ಮೇಲೆ ಆಡಿ ಬೆಳೆದ ಆಕೆಗೆ ಅಲ್ಲಿನ ಹುಲ್ಲಿನಂಕಣ ಹೊಸದು. ಸುಮಾರು ಐದಡಿ ಎತ್ತರದ ಈ ತರುಣಿ ಇಡೀ ಕ್ಲಬ್ಬನ್ನೇ ಬೆರಗುಗೊಳಿಸುವರೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಅಂದಿನ ಪದ್ಧತಿಯಂತೆ ಹಿಂದಿನ ವರ್ಷದ ಚಾಂಪಿಯನ್ ಕೊನೆಯ ಸವಾಲಿನ ಪಂದ್ಯವನ್ನು ಮಾತ್ರ ಆಡಿದರೆ ಸಾಕಿತ್ತು. ಉಳಿದವರೆಲ್ಲ ತಮ್ಮೊಳಗೆ ಸೆಣಸಿ, ಗೆದ್ದವರು ಚಾಂಪಿಯನ್‌ಗೆ ಸವಾಲು ಹಾಕಬೇಕು. ಹೇಜಲ್ ಆ ಹಂತವನ್ನು ದಾಟಿ, ಹಾಲಿ ಚಾಂಪಿಯನ್ ಮಾಡ್ ಬಾರ್ಗರ್-ವಾಲಕ್ ಅವರನ್ನು 6-0, 6-1ರಿಂದ ಮಣಿಸಿದರು. ಅದೇ ಟೂರ್ನಿಯಲ್ಲಿ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಪ್ರಶಸ್ತಿಗಳೂ ಅವರ ಪಾಲಾದವು. 1910 ಮತ್ತು 1911ರಲ್ಲಿಯೂ ಇದೇ ಸಾಧನೆ ಪುನರಾವರ್ತನೆಯಾಯಿತು. ಸತತ ಮೂರು ವರ್ಷ ಮೂರೂ ವಿಭಾಗಗಳಲ್ಲಿ ಗೆದ್ದು ಒಟ್ಟು ಒಂಬತ್ತು ರಾಷ್ಟ್ರೀಯ ಕಿರೀಟಗಳನ್ನು ಅವರು ಧರಿಸಿದರು.

1910ರಲ್ಲಿ ಸಿಯಾಟಲ್‌ನಲ್ಲಿ ನಡೆದ ವಾಷಿಂಗ್ಟನ್ ರಾಜ್ಯ ಚಾಂಪಿಯನ್‌ಷಿಪ್‌ನ ಪಂದ್ಯವೊಂದರಲ್ಲಿ ಹೇಜಲ್ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೂಡ ಬಿಟ್ಟುಕೊಡದೆ ಗೆದ್ದರು. ಎರಡು ಸೆಟ್, 12 ಗೇಮ್, ಸತತ 48 ಪಾಯಿಂಟ್! ಟೆನಿಸ್ ಭಾಷೆಯಲ್ಲಿ ಇದನ್ನು ಸುವರ್ಣ ಪಂದ್ಯ ಎನ್ನುತ್ತಾರೆ. ದಾಖಲೆಗಳಲ್ಲಿ ಇಂತಹ ಪಂದ್ಯಗಳು ಬೆರಳೆಣಿಕೆಯಷ್ಟು ಮಾತ್ರ.

ನಯಾಗರದಲ್ಲಿ ತಿರುಗಿದ ಪಂದ್ಯ

ರಾಷ್ಟ್ರೀಯ ಚಾಂಪಿಯನ್ ಆದರೂ ಹೇಜಲ್ ಅವರನ್ನು ಬಹುಕಾಲ ಕಾಡಿದ ಎದುರಾಳಿ ಮತ್ತೊಬ್ಬರಿದ್ದರು. ಅವರೇ ದಕ್ಷಿಣ ಕ್ಯಾಲಿಫೋರ್ನಿಯಾದ ಮೇ ಸಟನ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮೇ, 1905ರಲ್ಲಿ ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಅಮೆರಿಕನ್ ಆಟಗಾರ್ತಿ. 1907ರಲ್ಲಿ ಮತ್ತೊಮ್ಮೆ ಆ ಪ್ರಶಸ್ತಿ ಗೆದ್ದಿದ್ದರು. ನಾಲ್ವರು ಸೋದರಿಯರು ಟೆನಿಸ್‌ನಲ್ಲಿ ಹೆಸರು ಮಾಡಿದ್ದ ಆ ಕುಟುಂಬದ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಯಾರಿಗೂ ಗೆಲುವು ಸುಲಭವಾಗಿರಲಿಲ್ಲ. ಮೇ ಅವರದು ಬಲವಾದ ಫೋರ್‌ಹ್ಯಾಂಡ್ ಹೊಡೆತ. ಹೇಜಲ್ ಅವರದು ಚುರುಕು ಕಾಲು, ನೆಟ್ ಬಳಿಯ ಚಾಣಾಕ್ಷತನ.

1911ರಲ್ಲಿ ಕೆನಡಾದ ನಯಾಗರಾ-ಆನ್-ದ-ಲೇಕ್ ಪಟ್ಟಣದ ಪಂದ್ಯಾವಳಿಯ ಫೈನಲ್‌ನಲ್ಲಿ ಇವರಿಬ್ಬರು ಎದುರಾದರು. ಮೊದಲ ಸೆಟ್ಟನ್ನು ಹೇಜಲ್ 0-6ರಿಂದ ಕಳೆದುಕೊಂಡರು. ಎರಡನೇ ಸೆಟ್‌ನಲ್ಲಿ 1-5ರ ಹಿನ್ನಡೆ. ಇನ್ನೊಂದು ಗೇಮ್ ಕೈತಪ್ಪಿದರೆ ಎಲ್ಲವೂ ಮುಗಿಯಿತು. ಅಲ್ಲಿಂದ ಮುಂದೆ ನಡೆದದ್ದು ಟೆನಿಸ್ ಚರಿತ್ರೆಯ ಮರೆಯಲಾಗದ ಅಧ್ಯಾಯ. ಸತತ 12 ಗೇಮ್‌ಗಳನ್ನು ಗೆದ್ದ ಹೇಜಲ್, 0-6, 7-5, 6-0ರಿಂದ ಪಂದ್ಯವನ್ನು ತಮ್ಮದಾಗಿಸಿಕೊಂಡರು. ಅದೇ ವರ್ಷದ ರಾಷ್ಟ್ರೀಯ ಫೈನಲ್‌ನಲ್ಲಿ ಮೇ ಅವರ ಅಕ್ಕ ಫ್ಲಾರೆನ್ಸ್ ಸಟನ್ ಅವರನ್ನು 8-10, 6-1, 9-7ರಿಂದ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡರು.

ತಾಯ್ತನದ ನಂತರವೂ ಅಂಕಣಕ್ಕೆ

1912ರ ಫೆಬ್ರುವರಿಯಲ್ಲಿ ಬಾಸ್ಟನ್ ನಗರದ ಜಾರ್ಜ್ ವೈಟ್‌ಮನ್ ಅವರೊಡನೆ ವಿವಾಹವಾಯಿತು. ಹೇಜಲ್ ಹಾಚ್‌ಕಿಸ್ ಅಲ್ಲಿಂದ ಶ್ರೀಮತಿ ವೈಟ್‌ಮನ್ ಆಗಿ ಪೂರ್ವ ಕರಾವಳಿಯಲ್ಲಿ ನೆಲೆಸಿದರು. ಮದುವೆಯಾದ ಮೇಲೆ ಹೆಣ್ಣು ಆಟದ ಅಂಗಳದಿಂದ ನಿವೃತ್ತಳಾಗುವುದು ಅಂದಿನ ರೂಢಿ. ಆ ವರ್ಷ ಅವರು ತಮ್ಮ ರಾಷ್ಟ್ರೀಯ ಸಿಂಗಲ್ಸ್ ಕಿರೀಟವನ್ನು ಉಳಿಸಿಕೊಳ್ಳಲು ಕಣಕ್ಕಿಳಿಯಲಿಲ್ಲ. ಅದು ಮತ್ತೊಬ್ಬ ಕ್ಯಾಲಿಫೋರ್ನಿಯಾ ಆಟಗಾರ್ತಿ ಮೇರಿ ಬ್ರೌನ್ ಅವರ ಪಾಲಾಯಿತು.

ಆದರೆ ಹೇಜಲ್ ರಾಕೆಟ್ಟನ್ನು ಅಟ್ಟಕ್ಕೆ ಏರಿಸಲಿಲ್ಲ. 1915ರಲ್ಲಿ ತಾಯಿಯಾಗಿ ಮರಳಿ ಬಂದ ಅವರು ಸಿಂಗಲ್ಸ್ ಫೈನಲ್ ತಲುಪಿದರು. ಮೊದಲ ಸೆಟ್ ಗೆದ್ದರೂ ನಾರ್ವೆಯಿಂದ ಬಂದಿದ್ದ ಮೊಲ್ಲಾ ಬ್ಯೂರ್ಸ್ಟೆಡ್ ಮುಂದೆ ಸೋಲಬೇಕಾಯಿತು. ಆ ಸೋಲಿನ ನಡುವೆಯೂ ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಪ್ರಶಸ್ತಿಗಳು ಅವರ ಕೈಸೇರಿದವು. ಮುಂದೆ ಮೊಲ್ಲಾ ಮ್ಯಾಲರಿ ಎಂದು ಹೆಸರಾದ ಬ್ಯೂರ್ಸ್ಟೆಡ್ ಇದೂ ಸೇರಿ ಒಟ್ಟು ಎಂಟು ಬಾರಿ ಅಮೆರಿಕದ ಸಿಂಗಲ್ಸ್ ಚಾಂಪಿಯನ್ ಆದರು.

ನಾಲ್ಕು ವರ್ಷಗಳ ನಂತರ, 1919ರಲ್ಲಿ, 32ರ ಹರೆಯದ ಹೇಜಲ್ ಫೈನಲ್‌ನಲ್ಲಿ ಮರಿಯನ್ ಜಿಂಡರ್‌ಸ್ಟೈನ್ ಅವರನ್ನು 6-1, 6-2ರ ನೇರ ಸೆಟ್‌ಗಳಿಂದ ಸೋಲಿಸಿ ನಾಲ್ಕನೇ ಬಾರಿಗೆ ಸಿಂಗಲ್ಸ್ ಚಾಂಪಿಯನ್ ಆದರು. ಮೂರನೇ ಮತ್ತು ನಾಲ್ಕನೇ ಕಿರೀಟದ ನಡುವೆ ಎಂಟು ವರ್ಷಗಳ ಅಂತರವಿತ್ತು. ಮಕ್ಕಳ ತಾಯಿಯೊಬ್ಬಳು ರಾಷ್ಟ್ರದ ಅಗ್ರ ಆಟಗಾರ್ತಿಯಾಗಬಲ್ಲಳೆಂದು ಅವರು ಯಾವ ಭಾಷಣವನ್ನೂ ಮಾಡದೆ ತೋರಿಸಿಕೊಟ್ಟರು. ಒಟ್ಟು ಐವರು ಮಕ್ಕಳನ್ನು ಅವರು ಬೆಳೆಸಿದರು.

ಒಂದು ಬೆಳ್ಳಿಯ ಹೂದಾನಿ

ಪುರುಷರಿಗೆ 1900ರಿಂದಲೇ ಡೇವಿಸ್ ಕಪ್ ಇತ್ತು. ಅದರ ಮೊದಲ ಪಂದ್ಯ ನಡೆದದ್ದು ಬಾಸ್ಟನ್ನಿನ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ. ಮದುವೆಯ ನಂತರ ಹೇಜಲ್ ಅವರ ತವರಂಕಣವಾದದ್ದೂ ಅದೇ ಕ್ಲಬ್. ದೇಶ ದೇಶಗಳ ಪುರುಷರು ತಂಡ ಕಟ್ಟಿ ಸೆಣಸುವುದಾದರೆ ಮಹಿಳೆಯರಿಗೆ ಆ ಅವಕಾಶ ಏಕಿಲ್ಲವೆಂಬುದು ಹೇಜಲ್ ಅವರ ಪ್ರಶ್ನೆ. ಮೊದಲ ಮಹಾಯುದ್ಧದ ನಂತರ ಅವರು ತಮ್ಮದೇ ಹಣದಲ್ಲಿ ಎತ್ತರದ ಬೆಳ್ಳಿ ಹೂದಾನಿಯೊಂದನ್ನು ಕೊಂಡು, ಮಹಿಳೆಯರ ಅಂತರರಾಷ್ಟ್ರೀಯ ತಂಡ ಸ್ಪರ್ಧೆಗೆ ಪಾರಿತೋಷಕವಾಗಿ ನೀಡಿದರು. ಫ್ರಾನ್ಸ್‌ನ ಸುಜಾನ್ ಲೆಂಗ್ಲೆನ್ ಅವರಂತಹ ತಾರೆಯರೂ ಅದರಲ್ಲಿ ಆಡಬೇಕೆಂಬುದು ಅವರ ಕನಸು. ಆದರೆ ಆಡಳಿತಗಾರರಿಂದ ತಕ್ಷಣ ಉತ್ಸಾಹದ ಪ್ರತಿಕ್ರಿಯೆ ಬರಲಿಲ್ಲ. ಹೂದಾನಿ ವರ್ಷಗಟ್ಟಲೆ ಕಾಯಬೇಕಾಯಿತು.

1923ರಲ್ಲಿ ನ್ಯೂಯಾರ್ಕ್‌ನ ಫಾರೆಸ್ಟ್ ಹಿಲ್ಸ್‌ನಲ್ಲಿ ಹೊಸ ಟೆನಿಸ್ ಕ್ರೀಡಾಂಗಣ ಸಿದ್ಧವಾದಾಗ ಉದ್ಘಾಟನೆಗೆ ವಿಶೇಷ ಪಂದ್ಯವೊಂದು ಬೇಕಾಯಿತು. ಆಗ ಅಮೆರಿಕ ಮತ್ತು ಬ್ರಿಟನ್ ಮಹಿಳೆಯರ ನಡುವೆ ಸ್ಪರ್ಧೆ ಏರ್ಪಡಿಸಲಾಯಿತು. ಐದು ಸಿಂಗಲ್ಸ್, ಎರಡು ಡಬಲ್ಸ್. ದಾನಿಯ ಹೆಸರೇ ಕಪ್‌ಗೆ ಅಂಟಿಕೊಂಡು ಅದು ವೈಟ್‌ಮನ್ ಕಪ್ ಎನಿಸಿತು. ನಾಯಕಿಯಾಗಿ ಸ್ವತಃ ಡಬಲ್ಸ್ ಆಡಿದ ಹೇಜಲ್, ಎಲೀನರ್ ಗಾಸ್ ಜೊತೆಗೂಡಿ ಮೂರು ಸೆಟ್‌ಗಳ ತುರುಸಿನ ಪಂದ್ಯ ಗೆದ್ದರು. ಅಮೆರಿಕ 7-0ರಿಂದ ಜಯಭೇರಿ ಬಾರಿಸಿತು. ಮರುವರ್ಷ ಬ್ರಿಟನ್ 6-1ರಿಂದ ಸೇಡು ತೀರಿಸಿಕೊಂಡಿತು.

ಎರಡನೇ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ 1989ರವರೆಗೆ ಈ ಸ್ಪರ್ಧೆ ಪ್ರತಿವರ್ಷ ನಡೆಯಿತು. 61 ಆವೃತ್ತಿಗಳಲ್ಲಿ ಅಮೆರಿಕ 51, ಬ್ರಿಟನ್ 10 ಬಾರಿ ಗೆದ್ದವು. ಮಹಿಳೆಯರು ದೇಶವನ್ನು ಪ್ರತಿನಿಧಿಸಿ ತಂಡವಾಗಿ ಆಡುವ, ಅದನ್ನು ನೋಡಲು ಜನ ಟಿಕೆಟ್ ಕೊಂಡು ಬರುವ ಪರಂಪರೆಗೆ ಈ ಕಪ್ ಬುನಾದಿಯಾಯಿತು.

1924: ಒಂದು ಸೋಲು, ಮೂರು ಗೆಲುವು

37ನೇ ವಯಸ್ಸಿನಲ್ಲಿ ಹೇಜಲ್ ಯುರೋಪಿಗೆ ತೆರಳಿದರು. ವಿಂಬಲ್ಡನ್ ಸಿಂಗಲ್ಸ್‌ನಲ್ಲಿ ಲೆಂಗ್ಲೆನ್ ಎದುರು ಒಂದು ಗೇಮ್ ಕೂಡ ಗೆಲ್ಲಲಾಗದೆ 0-6, 0-6ರಿಂದ ಸೋತರು. ಎದೆಗುಂದಬಹುದಾಗಿದ್ದ ಆ ಸೋಲಿನ ಬೆನ್ನಿಗೇ 18ರ ಹರೆಯದ ಹೆಲೆನ್ ವಿಲ್ಸ್ ಜೊತೆಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದರು. ವಿಲ್ಸ್ ಸಹ ಬರ್ಕ್ಲಿಯವರೇ. ಹೇಜಲ್ ತವರಿಗೆ ಬಂದಾಗಲೆಲ್ಲ ಈ ಹುಡುಗಿಗೆ ನೆಟ್ ಬಳಿಯ ಆಟ, ಕಾಲಿನ ಚಲನೆ ಕಲಿಸಿದ್ದರು. ಗುರು ಶಿಷ್ಯೆಯರ ಈ ಜೋಡಿ ಮುಂದೆಯೂ ಸೋಲು ಕಾಣಲಿಲ್ಲ.

ಆ ವರ್ಷದ ಒಲಿಂಪಿಕ್ಸ್ ನಡೆದದ್ದು ಪ್ಯಾರಿಸ್‌ನಲ್ಲಿ. ಸಿಡ್ನಿ ಜೇಕಬ್, ಮೊಹಮ್ಮದ್ ಸಲೀಂ ಮೊದಲಾದ ಭಾರತದ ಆಟಗಾರರೂ ಅಲ್ಲಿನ ಟೆನಿಸ್ ಸ್ಪರ್ಧೆಯಲ್ಲಿ ಪಾಲ್ಗೊಂಡಿದ್ದರೆಂಬುದು ಇಲ್ಲಿ ಸ್ಮರಣೀಯ. ಮಹಿಳಾ ಡಬಲ್ಸ್ ಫೈನಲ್‌ನಲ್ಲಿ ಹೇಜಲ್ ಮತ್ತು ವಿಲ್ಸ್ ಬ್ರಿಟನ್ನಿನ ಜೋಡಿಯನ್ನು 7-5, 8-6ರಿಂದ ಸೋಲಿಸಿ ಚಿನ್ನ ಗೆದ್ದರು.

ಮಿಶ್ರ ಡಬಲ್ಸ್‌ನ ಕಥೆ ಇನ್ನೂ ರೋಚಕ. ಹೇಜಲ್ ಅವರ ಜೊತೆಗಾರ ರಿಚರ್ಡ್ ನಾರಿಸ್ ವಿಲಿಯಮ್ಸ್ 1912ರ ಟೈಟಾನಿಕ್ ದುರಂತದಲ್ಲಿ ಬದುಕುಳಿದವರು. ಹಿಮಶೀತಲ ನೀರಿನಲ್ಲಿ ನಿಂತು ಮರಗಟ್ಟಿದ್ದ ಕಾಲುಗಳನ್ನು ಕತ್ತರಿಸಬೇಕೆಂಬ ಸಲಹೆಯನ್ನು ಒಪ್ಪದೆ, ನಡೆದಾಡಿಯೇ ಅವುಗಳನ್ನು ಉಳಿಸಿಕೊಂಡು ಎರಡು ಬಾರಿ ಅಮೆರಿಕದ ಚಾಂಪಿಯನ್ ಆದ ಛಲಗಾರ. ಪ್ಯಾರಿಸ್‌ನಲ್ಲಿ ಅವರ ಕಣಕಾಲು ಉಳುಕಿತು. ಪಂದ್ಯ ಬಿಟ್ಟುಕೊಡುವ ಯೋಚನೆಯಲ್ಲಿದ್ದ ವಿಲಿಯಮ್ಸ್ ಅವರನ್ನು ನೆಟ್ ಬಳಿ ನಿಲ್ಲುವಂತೆ ಒಪ್ಪಿಸಿ, ಉಳಿದ ಅಂಕಣವನ್ನೆಲ್ಲ ಹೇಜಲ್ ತಾವೇ ಓಡಾಡಿ ನಿಭಾಯಿಸಿದರು. ಫೈನಲ್‌ನಲ್ಲಿ ತಮ್ಮದೇ ದೇಶದ ಜೋಡಿಯನ್ನು 6-2, 6-3ರಿಂದ ಮಣಿಸಿ ಎರಡನೇ ಚಿನ್ನ ಗೆದ್ದರು. ಆ ಜೋಡಿಯಲ್ಲಿದ್ದ ಮರಿಯನ್ ಜೆಸಪ್ ಬೇರಾರೂ ಅಲ್ಲ, 1919ರಲ್ಲಿ ಅವರೆದುರು ಫೈನಲ್ ಆಡಿದ್ದ ಮರಿಯನ್ ಜಿಂಡರ್‌ಸ್ಟೈನ್.

ಆ ಕೂಟದ ನಂತರ ಟೆನಿಸ್ ಒಲಿಂಪಿಕ್ಸ್‌ನಿಂದಲೇ ಹೊರಬಿತ್ತು. 1988ರಲ್ಲಿ ಪದಕ ಸ್ಪರ್ಧೆಯಾಗಿ ಮರಳಿತಾದರೂ ಮಿಶ್ರ ಡಬಲ್ಸ್ ಬಂದದ್ದು 2012ರ ಲಂಡನ್ ಕೂಟದಲ್ಲಿ. ಅಂದರೆ 88 ವರ್ಷಗಳ ಕಾಲ ಒಲಿಂಪಿಕ್ಸ್‌ನ ಕೊನೆಯ ಮಿಶ್ರ ಡಬಲ್ಸ್ ವಿಜೇತರೆಂಬ ಗೌರವ ಹೇಜಲ್ ಮತ್ತು ವಿಲಿಯಮ್ಸ್ ಹೆಸರಿನಲ್ಲಿಯೇ ಉಳಿಯಿತು.

ಮನೆಯೇ ಟೆನಿಸ್ ಶಾಲೆ

1928ರಲ್ಲಿ 41ನೇ ವಯಸ್ಸಿನಲ್ಲಿ ವಿಲ್ಸ್ ಜೊತೆ ಮತ್ತೊಮ್ಮೆ ಅಮೆರಿಕದ ಡಬಲ್ಸ್ ಗೆದ್ದ ಹೇಜಲ್, 1930ರಲ್ಲಿ ರಾಷ್ಟ್ರೀಯ ಸ್ಕ್ವಾಷ್ ಚಾಂಪಿಯನ್ ಕೂಡ ಆದರು. 1943ರಲ್ಲಿ 56ನೇ ವಯಸ್ಸಿನಲ್ಲಿ ಪಾಲಿನ್ ಬೆಟ್ಜ್ ಜೊತೆಗೂಡಿ ರಾಷ್ಟ್ರೀಯ ಒಳಾಂಗಣ ಡಬಲ್ಸ್ ಗೆದ್ದರು. ಹಿರಿಯರ ವಿಭಾಗವೂ ಸೇರಿದಂತೆ ಅವರ ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು ಸಾಮಾನ್ಯವಾಗಿ 45 ಎಂದು ಎಣಿಸಲಾಗುತ್ತದೆ.

ಆದರೆ ಈ ಅವಧಿಯಲ್ಲಿ ಅವರ ಹೆಚ್ಚಿನ ಸಮಯ ಸಂದದ್ದು ಕಲಿಸುವುದಕ್ಕೆ. 1940ರಲ್ಲಿ ವಿವಾಹ ವಿಚ್ಛೇದನವಾದ ಬಳಿಕ ಬಾಸ್ಟನ್ ಬಳಿಯ ಚೆಸ್ಟ್‌ನಟ್ ಹಿಲ್‌ನಲ್ಲಿದ್ದ ಅವರ ಮನೆ ಅಕ್ಷರಶಃ ಟೆನಿಸ್ ಛತ್ರವಾಯಿತು. ಲಾಂಗ್‌ವುಡ್ ಕ್ಲಬ್ಬಿನಲ್ಲಿ ಟೂರ್ನಿಗಳು ನಡೆದಾಗ ದೂರದೂರುಗಳಿಂದ ಬಂದ ಯುವ ಆಟಗಾರ್ತಿಯರಿಗೆ ಅಲ್ಲಿಯೇ ಊಟ, ವಸತಿ. ಗ್ಯಾರೇಜಿನ ಗೋಡೆ ಅಭ್ಯಾಸದ ತಾಣ. ಶುಲ್ಕದ ಮಾತಿಲ್ಲ. ಪ್ರತಿಭಾವಂತರಿಗೆ ಮಾತ್ರವಲ್ಲ, ಕೈಕಾಲು ಹೊಂದಿಕೆಯಾಗದ, ಸಂಕೋಚದಿಂದ ಹಿಂದೆ ಸರಿಯುವ ಹುಡುಗಿಯರಿಗೂ ಅವರು ಅಷ್ಟೇ ತಾಳ್ಮೆಯಿಂದ ಕಲಿಸಿದರು.

ವಿಲ್ಸ್ ಮುಂದೆ 19 ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದರೆ, ಮತ್ತೊಬ್ಬ ಶಿಷ್ಯೆ ಸಾರಾ ಪಾಲ್ಫ್ರಿ 1941 ಮತ್ತು 1945ರಲ್ಲಿ ಅಮೆರಿಕದ ಸಿಂಗಲ್ಸ್ ಚಾಂಪಿಯನ್ ಆದರು. 1933ರಲ್ಲಿ ಪ್ರಕಟವಾದ ಹೇಜಲ್ ಅವರ 'ಬೆಟರ್ ಟೆನಿಸ್' ಕೃತಿ ಸಾಮಾನ್ಯ ಆಟಗಾರರಿಗೂ ಕೈಪಿಡಿಯಾಯಿತು. ಇಷ್ಟೆಲ್ಲ ಸಾಧಿಸಿದರೂ ಆಟದಿಂದ ಬಹುಮಾನದ ಹಣ ಅವರಿಗೆ ಬರಲಿಲ್ಲ. ಅದು ಹವ್ಯಾಸಿ ಟೆನಿಸ್‌ನ ಯುಗ. ಗೆದ್ದವರಿಗೆ ದೊರೆಯುತ್ತಿದ್ದುದು ಪಾರಿತೋಷಕ ಮಾತ್ರ.

ಕನಸು ನನಸಾದ ಬಗೆ

ಅನೇಕ ದೇಶಗಳ ಮಹಿಳೆಯರು ಸೆಣಸುವ ಕಪ್ ಬೇಕೆಂಬ ಹೇಜಲ್ ಅವರ ಮೂಲ ಆಶಯ ವೈಟ್‌ಮನ್ ಕಪ್‌ನಿಂದ ಪೂರ್ಣವಾಗಿ ಈಡೇರಲಿಲ್ಲ. ಅದು ಎರಡೇ ದೇಶಗಳಿಗೆ ಸೀಮಿತವಾಗಿತ್ತು. 1963ರಲ್ಲಿ 16 ದೇಶಗಳೊಂದಿಗೆ ಲಂಡನ್ನಿನಲ್ಲಿ ಫೆಡರೇಷನ್ ಕಪ್ ಆರಂಭವಾದಾಗ ಆ ಕನಸು ನನಸಾಯಿತು. ಆ ಮೊದಲ ಕಪ್ ಗೆದ್ದ ಅಮೆರಿಕ ತಂಡದಲ್ಲಿದ್ದವರು ಬಿಲ್ಲಿ ಜೀನ್ ಕಿಂಗ್. 2020ರಿಂದ ಆ ಸ್ಪರ್ಧೆಗೆ ಅವರದೇ ಹೆಸರಿದೆ. 2025ರ ನವೆಂಬರ್‌ನಲ್ಲಿ ಅದರ ಪ್ಲೇ-ಆಫ್ ಪಂದ್ಯಗಳು ಬೆಂಗಳೂರಿನಲ್ಲಿ ನಡೆದು, ಭಾರತದ ವನಿತೆಯರು ತವರಿನ ಪ್ರೇಕ್ಷಕರ ಎದುರು ಆಡಿದರು. ಹೇಜಲ್ ಕೊಂಡು ತಂದಿದ್ದ ಬೆಳ್ಳಿ ಹೂದಾನಿಯ ಹಿಂದಿದ್ದ ಆಶಯ ಕಬ್ಬನ್ ಉದ್ಯಾನದ ಅಂಕಣದವರೆಗೂ ಬಂದಿತೆನ್ನಬಹುದು.

1957ರಲ್ಲಿ ಟೆನಿಸ್ ಹಾಲ್ ಆಫ್ ಫೇಮ್ ಗೌರವ ಹೇಜಲ್ ಅವರಿಗೆ ಸಂದಿತು. 1973ರಲ್ಲಿ ವೈಟ್‌ಮನ್ ಕಪ್ 50 ವರ್ಷ ಪೂರೈಸಿದಾಗ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರು ಹೇಜಲ್ ಅವರಿಗೆ ಸಿಬಿಇ ಗೌರವ ಪದವಿ ನೀಡಿದರು. ಅದೇ ವರ್ಷ ಕಿಂಗ್ ನೇತೃತ್ವದಲ್ಲಿ ಮಹಿಳಾ ಟೆನಿಸ್ ಸಂಘ ಸ್ಥಾಪನೆಯಾಯಿತು. ಅಮೆರಿಕನ್ ಓಪನ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಬಹುಮಾನ ಜಾರಿಗೆ ಬಂದಿತು. ಒಂದು ತಲೆಮಾರು ಅಂಕಣಕ್ಕೆ ಕಾಲಿಡುವ ಹಕ್ಕನ್ನು ದುಡಿದು ಪಡೆದಿದ್ದರೆ, ಮತ್ತೊಂದು ತಲೆಮಾರು ಅಲ್ಲಿ ಸಮಪಾಲು ಕೇಳಿ ಪಡೆಯಿತು.

1974ರ ಡಿಸೆಂಬರ್ 5ರಂದು, 88ನೇ ಹುಟ್ಟುಹಬ್ಬಕ್ಕೆ ಹದಿನೈದು ದಿನಗಳಿರುವಾಗ, ಹೇಜಲ್ ವೈಟ್‌ಮನ್ ಚೆಸ್ಟ್‌ನಟ್ ಹಿಲ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಅವರು ಗೆದ್ದ ಪ್ರಶಸ್ತಿಗಳ ಪಟ್ಟಿ ದಾಖಲೆ ಪುಸ್ತಕಗಳಲ್ಲಿದೆ. ಅವರಿಂದ ಆಟ ಕಲಿತ ಹೆಣ್ಣುಮಕ್ಕಳ ಪಟ್ಟಿಯನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಬರೆದಿಟ್ಟಿದ್ದರೆ ಅದೇ ಹೆಚ್ಚು ಉದ್ದವಾಗಿರುತ್ತಿತ್ತು.